ಏಳನೆಯ ಪ್ರಶ್ನೆ

ಕುರೆಸ್ಸಾರೆಯ ನಮ್ಮ ಆಸ್ಪತ್ರೆಯಲ್ಲಿ
ನಾಯಿಗೂ ಬೆಕ್ಕಿಗೂ ಒಂದೇ ಅರ್ಜಿ.
ಹೆಸರು, ವಯಸ್ಸು, ತೂಕ, ಚುಚ್ಚುಮದ್ದು,
ಎಲ್ಲಕ್ಕೂ ಉತ್ತರ ಸಲೀಸು.
ಏಳನೆಯದಕ್ಕೆ ಬಂದಾಗ ಮಾತ್ರ ಪೆನ್ನು ತಡೆಯುತ್ತದೆ:
ಬೇರೇನಾದರೂ ಕೊಡುತ್ತಿದ್ದೀರಾ?

ಇಲ್ಲ, ಎನ್ನುತ್ತಾರೆ.
ಎನ್ನುವಾಗ ಕೋಟಿನ ಜೇಬನ್ನೊಮ್ಮೆ ಮುಟ್ಟಿಕೊಳ್ಳುತ್ತಾರೆ.
ಹನ್ನೊಂದು ವರ್ಷ ಈ ಮೇಜಿನ ಹಿಂದೆ ಕೂತು
ಇಲ್ಲಗಳಲ್ಲಿ ಎಷ್ಟು ಬಗೆ ಎಂದು ಕಲಿತಿದ್ದೇನೆ.

ಲೈದಾ ಬಂದದ್ದು ಫೆಬ್ರವರಿಯಲ್ಲಿ,
ಕೊಲ್ಲಿ ಹೆಪ್ಪುಗಟ್ಟಿದ್ದ ವಾರ.
ಅಂಚೆ ಹಂಚಿ ಹಂಚಿ ಮಂಡಿ ಸವೆಸಿಕೊಂಡ ಮುದುಕಿ,
ಹಿಂದೆ ಎಳೆದು ತಂದ ಜಾರುಬಂಡಿ, ಅದರಲ್ಲಿ ಕಂಬಳಿ,
ಕಂಬಳಿಯೊಳಗೆ ಪೊಂತು:
ಗಿಡ್ಡ ಕಾಲು, ಉದ್ದ ಕಿವಿ,
ಕಟವಾಯಲ್ಲಿ ಇನ್ನೂ ಆರದ ನೊರೆ.
ರಾತ್ರಿ ಮೂರು ಸಲ ಸೆಟೆದು ಬಿದ್ದನಂತೆ.
ಒಂದು ಹೊತ್ತೂ ಮಾತ್ರೆ ತಪ್ಪಿಸಿಲ್ಲ, ಬೇಕಾದರೆ ಎಣಿಸು
ಎಂದು ಡಬ್ಬಿ ನನ್ನ ಮುಂದೆ ಕುಕ್ಕಿದಳು.
ಎಣಿಸಿದೆ. ಲೆಕ್ಕ ಸರಿಯಿತ್ತು.

ಏಳನೆಯದನ್ನು ಕೇಳಿದೆ.
ಇಲ್ಲ.

ರಕ್ತ ಬೇರೆಯೇ ಹೇಳಿತು.
ನುಂಗಿದ ಮಾತ್ರೆ ಅಲ್ಲಿ ಅರ್ಧವೂ ಇರಲಿಲ್ಲ.
ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ, ಎಂದರು
ಹಿರಿಯ ಡಾಕ್ಟರು ರೈವೊ, ಕನ್ನಡಕ ಒರೆಸುತ್ತ.
ಕಿರಿಯಳು ತ್ರೀನು ಮಾತಾಡಲಿಲ್ಲ.
ಪೊಂತುವಿನ ಪಕ್ಕ ನೆಲದ ಮೇಲೆ ಕೂತು ಕೇಳಿದಳು:
ಅಜ್ಜಿ, ನಿದ್ದೆ ಬಾರದ ರಾತ್ರಿ ನೀವೇನು ಕುಡಿಯುತ್ತೀರಿ?

ಅಷ್ಟೇ ಸಾಕಾಯಿತು.
ನಡುಬೇಸಿಗೆಯ ಮುನ್ನಾದಿನ ಹೊಲದಂಚಲ್ಲಿ ಕಿತ್ತ ಹಳದಿ ಹೂವು,
ಮೊಗ್ಗು ಹಿಸುಕಿದರೆ ಬೆರಳು ಕೆಂಪಾಗುವುದು,
ಹೆಂಗಸರ ಕೆಂಪು ಅಂತಲೇ ನಮ್ಮಲ್ಲಿ ಅದರ ಹೆಸರು.
ನನಗೆ ಒಂದು ಲೋಟ. ಅವನಿಗೆ ಎರಡು ಚಮಚ.
ಪಾಪ, ಅವನಿಗೂ ನಿದ್ದೆಯಿಲ್ಲ.

ಸುಳ್ಳಲ್ಲ ಅದು.
ಬೇರೇನಾದರೂ ಅಂದರೆ ಅವಳಿಗೆ ಔಷಧಿ.
ಇದು ಹೂವು.

ಹೂವು ಒಳ್ಳೆಯದೇ, ಎಂದಳು ತ್ರೀನು.
ಆದರೆ ಅದು ಲಿವರಿಗೆ ಎಚ್ಚರ ಕೊಡುತ್ತದೆ,
ಎಚ್ಚೆತ್ತ ಲಿವರು ನಮ್ಮ ಮಾತ್ರೆಯನ್ನು
ಕಸವೆಂದು ಗುಡಿಸಿ ಹೊರಗೆ ಹಾಕುತ್ತದೆ.
ಇಬ್ಬರೂ ಒಳ್ಳೆಯವರು, ಅಜ್ಜಿ,
ಒಂದೇ ಒಲೆಯ ಮುಂದೆ ನಿಲ್ಲಿಸಬೇಡಿ.

ಆಮೇಲೆ ಚೀಟಿ ಬರೆದಳು. ಒಂದೇ ಚೀಟಿ.
ಮಾತ್ರೆ, ಹೊತ್ತಿಗೆ ಸರಿಯಾಗಿ.
ಕಷಾಯ ಅಜ್ಜಿಗಿರಲಿ, ನಾಯಿಗೆ ಬೇಡ.
ಎರಡು ವಾರಕ್ಕೆ ಮತ್ತೆ ರಕ್ತ.
ಅನ್ನದ ಜೊತೆ ಅಳತೆಯ ಎಣ್ಣೆ,
ತೆಂಗಿನಕಾಯಿಯಿಂದ ತೆಗೆದದ್ದು;
ತೆಂಗಿನ ಮರವನ್ನೇ ಕಾಣದ ನಮ್ಮ ದ್ವೀಪಕ್ಕೆ
ಸೀಸೆ ದೋಣಿ ಹತ್ತಿ ಬರಬೇಕು.
ಮತ್ತೆ ಗುರುವಾರ ಗುರುವಾರ ಸೂಜಿ.

ಸೂಜಿ ಅಂದದ್ದೇ ಲೈದಾ ಮುಖ ಸಿಂಡರಿಸಿದಳು,
ಚೀನಾದವರ ಮಾಟ ನನ್ನ ನಾಯಿಗೆ ಬೇಡ.
ಒಳಕೋಣೆಯಲ್ಲಿ ರೈವೊ ನಕ್ಕದ್ದು ಕೇಳಿಸಿತು.
ಒಂದು ಗಳಿಗೆ ಆ ಇಬ್ಬರೂ ಒಂದೇ ಪಕ್ಷ.

ಪೊಂತು ಮಾತ್ರ ಯಾರ ಪಕ್ಷವನ್ನೂ ಹಿಡಿಯಲಿಲ್ಲ.
ನೆತ್ತಿಯಲ್ಲೊಂದು, ಕಿವಿಯ ಹಿಂದೆರಡು,
ಚುಚ್ಚಿಸಿಕೊಂಡು ಗೊರಕೆ ಹೊಡೆದ.
ಕನಸಲ್ಲಿ ಕಿವಿ ಅದುರಿದಾಗ ಸೂಜಿಯೂ ಅದುರಿತು,
ಗಾಳಿಗೆ ಸಿಕ್ಕ ಹುಲ್ಲುಕಡ್ಡಿಯ ಹಾಗೆ.
ಇದರಿಂದ ಗುಣವಾಗುತ್ತದಾ? ನಾನೇ ಕೇಳಿದೆ.
ಗೊತ್ತಿಲ್ಲ, ಎಂದಳು ತ್ರೀನು. ನಿದ್ದೆ ಮಾಡಿದ.
ಅಷ್ಟು ಬರೆದುಕೋ.

ಈಗ ಜೂನ್. ಗುಣವಾಗಿಲ್ಲ.
ಆರು ವಾರಕ್ಕೊಮ್ಮೆ ಬೀಳುತ್ತಾನೆ, ಏಳುತ್ತಾನೆ,
ಎದ್ದವನೇ ಅಂಚೆಯವನನ್ನು ಬೊಗಳುತ್ತಾನೆ;
ಹೊಸ ಹುಡುಗ, ಲೈದಾಳಿಗೂ ಇಷ್ಟವಿಲ್ಲ.

ಅರ್ಜಿ ಮರುಮುದ್ರಣವಾದಾಗ ನಾನು ಹಟ ಹಿಡಿದೆ:
ಏಳನೆಯದರ ಮುಂದೆ ಅರ್ಧ ಗೆರೆಯಿದ್ದಲ್ಲಿ ಈಗ ನಾಲ್ಕು.
ಮೊದಲ ಪ್ರತಿ ನನ್ನ ಬೆಕ್ಕಿನದು.
ಬರೆದೆ: ಮೀನೆಣ್ಣೆ, ಮೂರು ವರ್ಷದಿಂದ,
ಯಾರಿಗೂ ಹೇಳಿಲ್ಲ.

ಲೈದಾ ನಾಲ್ಕೂ ಗೆರೆ ತುಂಬಿಸಿ,
ಅಂಚಿನಲ್ಲಿ ಮೇಲಕ್ಕೆ ತಿರುಗಿಸಿ ಬರೆದಿದ್ದಳು:
ರಾತ್ರಿ ಅವನ ಜೊತೆ ಮಾತಾಡುತ್ತೇನೆ.
ಎಷ್ಟು ಹೊತ್ತು ಅಂತಲೂ ಹಾಕಬೇಕಾ?